ತೋಟದ ಮನೆಗೆ ಫೈಬರೋ, ಏರ್‌ಫೈಬರೋ?

ಮೂಡಿಗೆರೆ ಕಡೆಯ ತೋಟದ ಮನೆಗೆ ಇಂಟರ್ನೆಟ್ಟಿಗಾಗಿ ಫೈಬರ್ ಕೇಬಲ್ ಎಳೆಸುವುದೋ, ಮೊಬೈಲ್ ಟವರಿನಿಂದ ತಂತಿಯಿಲ್ಲದೆ ಬರುವ 5ಜಿ ಏರ್‌ಫೈಬರ್ ಹಾಕಿಸುವುದೋ ಎಂದು ಕೇಳಿದ್ದೀರಿ. ತಿಂಗಳ ಬಾಡಿಗೆಗಿಂತ ಮೊದಲ ಖರ್ಚನ್ನು ವಿಚಾರಿಸಿಕೊಳ್ಳಿ. ಕಂಬದಿಂದ ಮನೆ ದೂರವಿದ್ದಷ್ಟೂ ಕೇಬಲ್ಲಿನ ಹೊರೆ ನಿಮ್ಮ ತಲೆಗೇ ಬರಬಹುದು.

ನಿಜವಾದ ಪರೀಕ್ಷೆ ಮಳೆಗಾಲದ್ದು. ಫೈಬರ್ ಗಾಜಿನ ಎಳೆಯಾದ್ದರಿಂದ ಹಳೆಯ ತಾಮ್ರದ ತಂತಿಯಂತೆ ಸಿಡಿಲಿನ ವಿದ್ಯುತ್ತನ್ನು ಒಯ್ಯುವುದಿಲ್ಲ. ಆದರೂ ಜೊತೆಯಲ್ಲಿ ಬರುವ ಉಕ್ಕಿನ ಆಧಾರತಂತಿಯನ್ನು ಗೋಡೆಯ ಹೊರಗೇ ಕತ್ತರಿಸಿ ನಿಲ್ಲಿಸಲು ಹೇಳಿ. ಜುಲೈ ಗಾಳಿಗೆ ಸಿಲ್ವರ್ ಓಕ್ ಕೊಂಬೆಯೊಂದು ಬಿದ್ದು ಎಳೆ ತುಂಡಾದರೆ, ಅದನ್ನು ಬೆಸೆಯುವ ಯಂತ್ರ ಹೊತ್ತವರು ತೋಟ ತಲುಪುವವರೆಗೆ ಕಾಯುವುದೊಂದೇ ದಾರಿ. ಏರ್‌ಫೈಬರಿಗೆ ಆ ಭಯವಿಲ್ಲವಾದರೂ, 5ಜಿಯ ವೇಗವನ್ನು ಹೊತ್ತು ತರುವ 3,300 ಮೆಗಾಹರ್ಟ್ಸ್ ಆಸುಪಾಸಿನ ತರಂಗಗಳನ್ನು ಒದ್ದೆ ಎಲೆಗಳ ದಟ್ಟ ಮರಗಳು ಕುಗ್ಗಿಸುತ್ತವೆ. 700 ಮೆಗಾಹರ್ಟ್ಸ್ ತರಂಗ ಹೆಚ್ಚು ದೂರ ತಲುಪುತ್ತದೆ, ವೇಗ ಮಾತ್ರ ಕಡಿಮೆ. ಮಾರ್ಚಿನಲ್ಲಿ ಕಂಡ ವೇಗವನ್ನು ನಂಬಿ ವರ್ಷದ ಹಣ ಕಟ್ಟುವುದು ಜಾಣತನವಲ್ಲ.

ಕರೆಂಟ್ ಹೋದಾಗ ಎರಡಕ್ಕೂ ರೂಟರಿನ ಚಿಕ್ಕ ಯುಪಿಎಸ್ ಬೇಕು. ಟವರಿನ ಬ್ಯಾಟರಿ ಬರಿದಾದರೆ ಮಾತ್ರ ಏರ್‌ಫೈಬರ್ ಹಾಕಿಸಿಕೊಂಡವರು ಮಾಡಬಹುದಾದದ್ದೇನೂ ಇಲ್ಲ.

ಆನ್‌ಲೈನ್ ಗೇಮ್ ಆಡುವ ಮಕ್ಕಳು ಅಥವಾ ಮನೆಯಿಂದಲೇ ಕಚೇರಿ ಕೆಲಸ ಮಾಡುವವರು ಇದ್ದರೆ, ಪಿಂಗ್ (ಸಂದೇಶ ಹೋಗಿ ಉತ್ತರ ಬರಲು ಹಿಡಿಯುವ ಹೊತ್ತು) ಸ್ಥಿರವಾಗಿರುವ ಫೈಬರಿಗೇ ನನ್ನ ಒಲವು. ಚಿಕ್ಕಮಗಳೂರು ಪೇಟೆಯ ಬಾಡಿಗೆ ಮನೆಗೆ, ಅಥವಾ ಟವರ್ ಕಣ್ಣೆದುರೇ ಇರುವ ಗುಡ್ಡದ ಹೋಂಸ್ಟೇಗೆ, ಏರ್‌ಫೈಬರ್ ಸಲೀಸು. ಯಾವುದಕ್ಕೂ ಮುಂಗಡ ಕೊಡುವ ಮೊದಲು ಮಳೆ ಹಿಡಿದ ಒಂದು ಸಂಜೆ 5ಜಿ ಫೋನ್ ಹಿಡಿದು ತಾರಸಿಯ ಮೇಲೆ ವೇಗ ಅಳೆದು ನೋಡಿ.