ಚಾಟರ್ ಬಿಲ್ಲಿಗೆ ಯಾವ ರಬ್ಬರ್ ಒಳ್ಳೆಯದು?

ತೀರ್ಥಹಳ್ಳಿ ಕಡೆಯ ನಮ್ಮ ಅಡಿಕೆ ತೋಟದಲ್ಲಿ ಮಂಗಗಳ ಕಾಟ ಜಾಸ್ತಿ. ಓಡಿಸಲು ಚಾಟರ್ ಬಿಲ್ಲು, ಜೊತೆಗೆ ಒಣಗಿಸಿದ ಮಣ್ಣಿನ ಉಂಡೆ. ಮಂಗಕ್ಕೆ ಗುರಿಯಿಡುವುದಿಲ್ಲ. ಪಕ್ಕದ ಸೋಗೆಗೆ ಬಡಿದು ಸದ್ದಾದರೆ ಸಾಕು. ಒಂದೇ ಕವೆಗೆ ಮೂರು ಬಗೆ ಕಟ್ಟಿ ನೋಡಿದ್ದೇನೆ: ಬೈಕಿನ ಹಳೇ ಟ್ಯೂಬಿನ ಪಟ್ಟಿ, ಮೆಡಿಕಲ್ ಶಾಪಿನ ಲೇಟೆಕ್ಸ್ ನಳಿಕೆ, ಉಕ್ಕಿನ ಸ್ಪ್ರಿಂಗ್.

ಸ್ಪ್ರಿಂಗ್ ಬೇಡವೇ ಬೇಡ. ಅಷ್ಟೇ ತೂಕದ ಒಳ್ಳೆ ರಬ್ಬರ್ ಅದಕ್ಕಿಂತ ಹತ್ತು ಪಟ್ಟಿಗೂ ಹೆಚ್ಚು ಶಕ್ತಿ ಹಿಡಿದಿಡುತ್ತದೆ. ಸ್ಪ್ರಿಂಗಿನ ಶಕ್ತಿಯಲ್ಲಿ ಬಹಳಷ್ಟು ತನ್ನದೇ ಭಾರ ಎಳೆದುಕೊಂಡು ಬರಲು ಮುಗಿದುಹೋಗುತ್ತದೆ.

ನಿಜವಾದ ಪೈಪೋಟಿ ಉಳಿದೆರಡರದ್ದು. ಟ್ಯೂಬ್ ಪಟ್ಟಿ ಎಳೆಯಲು ಗಟ್ಟಿ, ಹಾಗಾಗಿ ಅದೇ ಜೋರು ಅನ್ನಿಸುತ್ತದೆ. ಆದರೆ ಉಂಡೆ ಹತ್ತಿರದಲ್ಲೇ ಬೀಳುತ್ತದೆ. ಈ ಟ್ಯೂಬ್‌ಗಳು ಹೆಚ್ಚಾಗಿ ಬ್ಯುಟೈಲ್ ರಬ್ಬರಿನವು. ಗಾಳಿ ಹಿಡಿದಿಡುವುದರಲ್ಲಿ ಗಟ್ಟಿಗರು, ಕೊಟ್ಟ ಶಕ್ತಿ ವಾಪಸ್ ಕೊಡುವುದರಲ್ಲಿ ಜಿಪುಣರು. ನಾವು ಎಳೆದು ತುಂಬಿದ್ದರಲ್ಲಿ ದೊಡ್ಡ ಪಾಲು ಒಳಗೇ ಬಿಸಿಯಾಗಿ ಹೋಗುತ್ತದೆ. ಚಳಿಗಾಲದ ಬೆಳಗ್ಗೆಯಂತೂ ಇನ್ನೂ ಮಂದ, ಮಧ್ಯಾಹ್ನಕ್ಕೆ ಸ್ವಲ್ಪ ಪರವಾಗಿಲ್ಲ.

ಲೇಟೆಕ್ಸ್ ಎಂದರೆ ನಮ್ಮ ಮಲೆನಾಡಿನ ರಬ್ಬರ್ ಮರಗಳಿಂದಲೂ ಇಳಿಸುವ ಅದೇ ಹಾಲು. ಎಳೆಯಲು ಹಗುರ, ಬಿಟ್ಟ ಕೂಡಲೇ ಚುರುಕು. ಎಳೆದಾಗ ಸುರುಳಿಯಾಗಿದ್ದ ಉದ್ದನೆಯ ಅಣುಸರಪಳಿಗಳು ಸಾಲಾಗಿ ನಿಲ್ಲುತ್ತವೆ, ಬಿಟ್ಟರೆ ಮತ್ತೆ ಮುದುಡಿಕೊಳ್ಳುತ್ತವೆ. ಒಂದು ಅಗಲವಾದ ರಬ್ಬರ್ ಬ್ಯಾಂಡ್ ಸರಕ್ಕನೆ ಎಳೆದು ತುಟಿಗೆ ಮುಟ್ಟಿಸಿ ನೋಡಿ, ಬೆಚ್ಚಗಿರುತ್ತದೆ. ಹಾಗೇ ಸ್ವಲ್ಪ ಹೊತ್ತು ಹಿಡಿದು, ಸಡಿಲಿಸಿ ಮತ್ತೆ ಮುಟ್ಟಿಸಿದರೆ ತಣ್ಣಗೆ. 1805ರಲ್ಲೇ ಇಂಗ್ಲೆಂಡಿನ ಜಾನ್ ಗಾಫ್ ಇದನ್ನು ಬರೆದಿಟ್ಟಿದ್ದರು. ಅವರಿಗೆ ಕಣ್ಣು ಕಾಣುತ್ತಿರಲಿಲ್ಲ. ತುಟಿಯ ಸ್ಪರ್ಶದಿಂದಲೇ ಪತ್ತೆ ಹಚ್ಚಿದ್ದು ಎಂಥ ಸೂಕ್ಷ್ಮ, ಅಲ್ವಾ?

ಲೇಟೆಕ್ಸಿಗೂ ಕೊರತೆ ಇದೆ. ಬಿಸಿಲು, ಗಾಳಿಯಲ್ಲಿನ ಓಝೋನ್ ತಾಗಿದರೆ ಬಿರುಕು ಬಿಡುತ್ತದೆ, ಎಳೆದು ಕಟ್ಟಿಟ್ಟರೆ ಇನ್ನೂ ಬೇಗ. ಟ್ಯೂಬ್ ಪಟ್ಟಿ ಇದನ್ನೆಲ್ಲ ಸುಲಭವಾಗಿ ತಡೆಯುತ್ತದೆ. ಬಾಳಿಕೆಯೇ ಮುಖ್ಯ ಎನ್ನುವವರಿಗೆ ಅದೇ ಸರಿ.

ನನ್ನ ಆಯ್ಕೆ ಲೇಟೆಕ್ಸ್. ಉಂಡೆ ತೀರಾ ಹಗುರ ಬೇಡ. ಆಗ ಶಕ್ತಿಯೆಲ್ಲ ರಬ್ಬರಿನ ಓಟಕ್ಕೇ ಖರ್ಚಾಗುತ್ತದೆ. ಎಳೆದು ಹಿಡಿದುಕೊಂಡು ಸುಮ್ನೆ ಕಾಯಲೂಬೇಡಿ, ಬಿಗಿ ನಿಧಾನಕ್ಕೆ ಇಳಿಯುತ್ತದೆ. ಕೆಲಸ ಮುಗಿದ ಮೇಲೆ ಸಡಿಲ ಮಾಡಿ, ಬಿಸಿಲು ತಾಗದ ಡಬ್ಬದಲ್ಲಿಡಿ. ಸಣ್ಣ ಬಿರುಕು ಕಂಡರೂ ಬದಲಾಯಿಸಿ. ಹರಿದರೆ ನೇರ ಕಣ್ಣಿಗೇ ಬರುತ್ತದೆ.