ಅನಾಮಿಕಾ, ಸಾವನಿ, ಹಾಲುಬೆಂಡೆ, ಕೆಂಪುಬೆಂಡೆ: ಪಲ್ಯಕ್ಕೆ ಯಾವುದು, ಹುಳಿಗೆ ಯಾವುದು?

ಬೆಂಡೆ ಬೀಜ ಕೊಳ್ಳುವ ಮೊದಲು ಮನೆಯಲ್ಲಿ ಹೆಚ್ಚು ಮಾಡುವುದು ಪಲ್ಯವೋ ಹುಳಿಯೋ ಎಂದು ನೋಡಿಕೊಳ್ಳಿ. ತಳಿಯ ಆಯ್ಕೆ ಅರ್ಧ ಅಲ್ಲೇ ಮುಗಿಯುತ್ತದೆ. ಉಳಿದರ್ಧವನ್ನು ಬಿಳಿನೊಣ ಹರಡುವ ಹಳದಿ ನಂಜುರೋಗ ತೀರ್ಮಾನಿಸುತ್ತದೆ.

ನಾಲ್ಕು ತಳಿಗಳನ್ನೂ ತಾರಸಿಯಲ್ಲಿ ಒಂದೇ ರೀತಿ ಬೆಳೆಸಿ ನೋಡಿದ್ದು: 15 ಇಂಚಿನ ಚೀಲಕ್ಕೆ ಒಂದೇ ಗಿಡ, ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಹಳೆಯ ಕೊಟ್ಟಿಗೆ ಗೊಬ್ಬರ, ಒಂದು ಪಾಲು ತೆಂಗಿನ ನಾರಿನ ಪುಡಿ. ಬೀಜ ರಾತ್ರಿಯಿಡೀ ನೆನೆಸಿ, 2 ಸೆಂಟಿಮೀಟರ್ ಆಳಕ್ಕೆ ನೇರವಾಗಿ ಚೀಲಕ್ಕೇ ಊರಬೇಕು. ತಾಯಿಬೇರು ಅಲುಗಿದರೆ ಬೆಂಡೆ ಸೊರಗುತ್ತದೆ, ಸಸಿ ಕಿತ್ತು ನೆಡುವುದು ಬೇಡ.

ಪೂಸಾ ಸಾವನಿ ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ಹಳೆಯ ತಳಿ. ಬಿಡುಗಡೆಯಾದ ಕಾಲಕ್ಕೆ ನಂಜುರೋಗವನ್ನು ತಡೆಯುತ್ತಿತ್ತು, ಈಗ ತಡೆಯುವುದಿಲ್ಲ. ಕಾಯಿ ನುಣುಪು, ರುಚಿಗೆ ಹೆಸರಿಡುವಂತಿಲ್ಲ. ಆದರೆ ಬಿಳಿನೊಣ ಹೆಚ್ಚುವ ಬೇಸಿಗೆಯಲ್ಲಿ ಗಿಡ ಮೊಣಕಾಲುದ್ದ ಆಗುವಷ್ಟರಲ್ಲೇ ರೋಗ ಹತ್ತುತ್ತದೆ. ಎಲೆಯನ್ನು ಬಿಸಿಲಿಗೆ ಹಿಡಿದರೆ ನರಗಳೆಲ್ಲ ಹಳದಿ ಬಲೆಯಾಗಿ, ಬಲೆಯ ಕಣ್ಣುಗಳಷ್ಟೇ ಹಸಿರಾಗಿ ಕಾಣುತ್ತವೆ. ಆಮೇಲೆ ಬರುವ ಕಾಯಿ ಹಳದಿ, ಗಿಡ್ಡ, ನಾರು. ಇದಕ್ಕೆ ಔಷಧಿಯಿಲ್ಲ, ಗಿಡ ಕಿತ್ತು ಸುಡುವುದೇ ದಾರಿ. ಅಗ್ಗದ ಪ್ಯಾಕೆಟ್ ಎಂದು ಇದನ್ನು ತರಬೇಡಿ.

ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಅನಾಮಿಕಾ ಕಾಡುಬೆಂಡೆಯ ಜೊತೆ ಸಂಕರ ಮಾಡಿ ಪಡೆದ ತಳಿ, ರೋಗ ತಡೆಯುವ ಗುಣ ಬಂದಿದ್ದು ಅಲ್ಲಿಂದ. ಪೂರ್ತಿ ಹತ್ತುವುದೇ ಇಲ್ಲ ಅನ್ನಲಾಗದು, ಪಕ್ಕದಲ್ಲಿ ಸಾವನಿ ಸೊರಗಿದಾಗಲೂ ಇದು ಕಾಯಿ ಬಿಡುತ್ತಿರುತ್ತದೆ. ಸುಮಾರು 50 ದಿನಕ್ಕೆ ಮೊದಲ ಕೊಯ್ಲು. ಮೊದಲ ಸುತ್ತು ಕಾಂಡದಲ್ಲಿ, ಎರಡನೆಯದು ಕವಲುಗಳಲ್ಲಿ. ಹಾಗಾಗಿ ಮೊದಲ ಸುತ್ತು ಮುಗಿಯಿತೆಂದು ಗಿಡ ಕೀಳದೆ, ಬುಡಕ್ಕೆ ಎರಡು ಹಿಡಿ ಎರೆಗೊಬ್ಬರ ಕೊಡಿ. ಹೂ ಅರಳಿದ ಐದಾರನೇ ದಿನಕ್ಕೆ ಕೊಯ್ಯಬೇಕು. ತುದಿ ಟಕ್ಕನೆ ಮುರಿದರೆ ಎಳಸು, ಬಾಗಿದರೆ ಬಲಿತಿದೆ. ಎರಡು ದಿನ ಊರಿಗೆ ಹೋಗಿ ಬಂದರೆ ಅರ್ಧ ಕಾಯಿ ನಾರಾಗಿರುತ್ತದೆ, ಇದೇ ಇದರ ಕೊರತೆ. ಪಲ್ಯಕ್ಕೆ ಮಾತ್ರ ಇದನ್ನು ಮೀರಿಸುವ ತಳಿಯಿಲ್ಲ: ತೊಳೆದು, ಒರೆಸಿ, ಹೆಚ್ಚಿ, ಮುಚ್ಚಳವಿಲ್ಲದ ಅಗಲ ಬಾಣಲೆಯಲ್ಲಿ ಹುರಿದು, ಉಪ್ಪು ಕೊನೆಗೆ ಹಾಕಿದರೆ ಲೋಳೆ ನಿಲ್ಲುವುದಿಲ್ಲ. ಮೊದಲೇ ಉಪ್ಪು ಹಾಕಿದರೆ ನೀರು ಬಿಟ್ಟು ಅಂಟಾಗುತ್ತದೆ.

ಹುಳಿಗೆ ಕರಾವಳಿಯ ಹಾಲುಬೆಂಡೆಯೇ ಸೈ. ತಿಳಿ ಹಸಿರು ಬಿಳುಪು, ದಪ್ಪ ತೊಗಟೆ, ಗೇಣುದ್ದ ಬೆಳೆದರೂ ಎಳಸು. ಹುಣಸೆ ನೀರು ಕುದಿಯುವಾಗ ಎರಡಿಂಚಿನ ತುಂಡುಗಳನ್ನು ಹಾಗೆಯೇ ಹಾಕಬಹುದು, ಮೈ ಕಳಚದೆ ಬೇಯುತ್ತವೆ. ಅನಾಮಿಕಾ ಆದರೆ ಮೊದಲು ಒಂದು ಚಮಚ ಎಣ್ಣೆಯಲ್ಲಿ ಬಾಡಿಸಲೇಬೇಕು. ಆದರೆ ಹಾಲುಬೆಂಡೆಗೆ ತಾಳ್ಮೆ ಬೇಕು: ಗಿಡ ಆಳೆತ್ತರಕ್ಕೂ ಮೀರಿ ಬೆಳೆಯುತ್ತದೆ, ಕಾಯಿ ತಡ, ಗಾಳಿಮಳೆಗೆ ಕೋಲು ಕಟ್ಟಬೇಕು. ಮಳೆಗಾಲಕ್ಕೆ ಮುಂಚೆ, ಮೇ ಕೊನೆಗೆ ಬಿತ್ತಿದರೆ ಒಳ್ಳೆಯದು.

ಕೆಂಪುಬೆಂಡೆ ಕಣ್ಣಿಗೆ ಚೆಂದ. ಬಾಣಲೆಗೆ ಬಿದ್ದೊಡನೆ ಕೆಂಪು ಹೋಗಿ ಹಸಿರಾಗುತ್ತದೆ, ಪಲ್ಯದಲ್ಲಿ ಅದರ ವಿಶೇಷವೇನೂ ಉಳಿಯುವುದಿಲ್ಲ. ಮೂರಿಂಚಿನ ಎಳೆ ಕಾಯಿಯನ್ನು ತೆಳ್ಳಗೆ ಹೆಚ್ಚಿ, ನಿಂಬೆರಸ ಹಿಂಡಿ ಕೋಸಂಬರಿಗೆ ಹಾಕಿ. ಒಂದು ಗಿಡ ಸಾಕು.

ಹತ್ತು ಚೀಲಗಳ ತಾರಸಿಯಾದರೆ ಆರು ಅನಾಮಿಕಾ, ಮೂರು ಹಾಲುಬೆಂಡೆ, ಒಂದು ಕೆಂಪು. ಬೀಜಕ್ಕೆ ಬಿಡುವುದಾದರೆ ಎಚ್ಚರ: ಜೇನ್ನೊಣಗಳು ಪರಾಗ ಬೆರೆಸುತ್ತವೆ, ಮುಂದಿನ ವರ್ಷದ ಹಾಲುಬೆಂಡೆ ಬಿಳುಪು ಕಳೆದುಕೊಳ್ಳಬಹುದು. ನಾಳೆ ಅರಳುವ ಮೊಗ್ಗಿಗೆ ಇಂದು ಸಂಜೆಯೇ ತೆಳು ಬಟ್ಟೆಯ ಚೀಲ ಕಟ್ಟಿ, ಹೂ ಬಾಡಿದ ಮೇಲೆ ಬಿಚ್ಚಿ, ಆ ಕಾಯಿಗೆ ದಾರದ ಗುರುತು ಹಾಕಿ.