ನೆಟ್ ಇಲ್ಲದ ಯಂತ್ರದಲ್ಲಿ ಡಿಟಿಡಿ: ಯಾವ ದಾರಿ ಹಿಡಿಯಬೇಕು?

ಧಾರವಾಡದ ನಮ್ಮ ಆಫೀಸಿನಲ್ಲಿ ಹಳೆಯ ಕನ್ನಡ ಇ-ಪುಸ್ತಕಗಳನ್ನು ತಿದ್ದುವ ಯಂತ್ರಕ್ಕೆ ಇಂಟರ್ನೆಟ್ ಇಲ್ಲ. ಇನ್ನೂ ಅಚ್ಚಾಗದ ಹಸ್ತಪ್ರತಿಗಳೂ ಅದರಲ್ಲೇ ಇರುವುದರಿಂದ ಪ್ರಕಾಶಕರ ಷರತ್ತೇ ಹಾಗೆ. ಆದರೆ ಇಪಬ್ 2 ಎಂಬ ಇ-ಪುಸ್ತಕ ರೂಪದ ಕಾಲದ ಫೈಲ್ ತೆರೆದರೆ ಮೊದಲಿಗೇ ಡಾಕ್‌ಟೈಪ್ ಸಾಲು, ಅಂದರೆ ಈ ಫೈಲಿಗೆ ಯಾವ ಡಿಟಿಡಿ ಎಂದು ಹೇಳುವ ಸಾಲು. ಫೈಲಿನಲ್ಲಿ ಯಾವ ಗುರುತುಗಳು ಬರಬಹುದು ಎಂದು ಬರೆದಿಟ್ಟ ನಿಯಮಗಳ ಫೈಲೇ ಡಿಟಿಡಿ. ಅಧ್ಯಾಯಗಳಲ್ಲಿ ಎಕ್ಸ್‌ಎಚ್‌ಟಿಎಂಎಲ್ 1.1ರ ಡಿಟಿಡಿ, ಪರಿವಿಡಿಯ ಎನ್‌ಸಿಎಕ್ಸ್ ಫೈಲಿನಲ್ಲಿ ಡೈಸಿ ಸಂಸ್ಥೆಯ ವಿಳಾಸ. ಜಾವಾ ಪಾರ್ಸರ್, ಅಂದರೆ ಎಕ್ಸ್‌ಎಂಎಲ್ ಫೈಲನ್ನು ಓದಿ ಬಿಡಿಸುವ ತಂತ್ರಾಂಶ, ಆ ವಿಳಾಸ ಕಂಡ ಕೂಡಲೇ ಡಿಟಿಡಿ ತರಲು ಹೊರಡುತ್ತದೆ, ನೆಟ್ ಸಿಗದೆ ಅಲ್ಲೇ ನಿಲ್ಲುತ್ತದೆ.

ನೆಟ್ ಇದ್ದವರೂ ಹೀಗೆ ಪ್ರತಿಸಲ ತರಿಸಬಾರದು. ಇಂಥ ಕೋರಿಕೆಗಳು ದಿನಕ್ಕೆ 13 ಕೋಟಿಯವರೆಗೆ ಬರುತ್ತಿವೆ ಎಂದು ವೆಬ್‌ನ ಮಾನದಂಡ ರೂಪಿಸುವ ಸಂಸ್ಥೆ ಡಬ್ಲ್ಯು3ಸಿ 2008ರಲ್ಲೇ ಹೇಳಿ, ಒಮ್ಮೆ ತಂದಿಟ್ಟುಕೊಳ್ಳಿ ಎಂದು ಕೇಳಿಕೊಂಡಿತ್ತು.

ಒಂದೇ ಪುಸ್ತಕದ ಮೇಲೆ ಬೇರೆ ಬೇರೆ ದಾರಿ ಹಿಡಿದು ನೋಡಿದೆವು. ಡಾಕ್‌ಟೈಪ್ ಸಾಲನ್ನೇ ಅಳಿಸುವುದು ಎಲ್ಲಕ್ಕಿಂತ ಸುಲಭ. ಆದರೆ ಎಂಟಿಟಿಗಳ, ಅಂದರೆ ಅಕ್ಷರದ ಬದಲು ಬರೆಯುವ ಸಂಕೇತದ ಹೆಸರುಗಳ ಅರ್ಥ ಇರುವುದು ಡಿಟಿಡಿಯಲ್ಲೇ, ಎಕ್ಸ್‌ಎಂಎಲ್‌ಗೇ ಗೊತ್ತಿರುವ ಐದನ್ನು ಬಿಟ್ಟರೆ. ಸಾಲು ಹೋಯಿತೆಂದರೆ ಅಂಥ ಮೊದಲ ಎಂಟಿಟಿ ಬಂದಲ್ಲೇ ಪಾರ್ಸರ್ ದೋಷ ತೋರಿಸಿ ನಿಂತುಬಿಡುತ್ತದೆ. ಕೆಲಸ ಕೆಟ್ಟದ್ದು ಅಲ್ಲೇ ತಿಳಿಯುತ್ತದಲ್ಲ, ಅಷ್ಟು ಒಳ್ಳೆಯದು.

ಜಾವಾದ ಝೆರ್ಸಸ್ ಪಾರ್ಸರಿನಲ್ಲಿ ಹೊರಗಿನ ಡಿಟಿಡಿ ಓದಬೇಡ ಎನ್ನುವ ಸೆಟ್ಟಿಂಗ್ ಒಂದಿದೆ. ಬಹಳ ಜನ ಹೇಳುವ ಉಪಾಯವೂ ಅದೇ. ನಾನು ಹೆದರುವುದು ಇದಕ್ಕೇ. "ಸರ್, ಒಂದ್ ಎರರ್ ಇಲ್ರಿ, ಎಲ್ಲಾ ಫೈಲ್ ಪಾಸಾದ್ವು" ಅಂದ ನಮ್ಮ ಗದಗಿನ ಹುಡುಗ. ಮೂಲದ ಪಠ್ಯಕ್ಕೆ ಅಕ್ಷರ ಅಕ್ಷರ ಹೋಲಿಸಿದಾಗ 'ರಾಜ್‌ಕುಮಾರ್' ಇದ್ದಲ್ಲಿ 'ರಾಜ್ಕುಮಾರ್' ಕೂತಿತ್ತು. ಒತ್ತಕ್ಷರ ಕೂಡದಂತೆ ತಡೆಯುವ ಕಾಣದ ಅಕ್ಷರವನ್ನು, ಅಂದರೆ ಯುನಿಕೋಡ್ 200ಸಿಯನ್ನು, ಹಿಂದಿನವರು ಝೆಡ್‌ಡಬ್ಲ್ಯುಎನ್‌ಜೆ ಎಂಬ ಎಂಟಿಟಿಯಾಗಿ ಬರೆದಿದ್ದರು. ಡಿಟಿಡಿ ಓದದ ಪಾರ್ಸರ್ ಅದರ ಅರ್ಥ ತಿಳಿಯದೆ ಸುಮ್ಮನೆ ದಾಟಿ ಹೋಗುತ್ತದೆ. ನಿಯಮದ ಪ್ರಕಾರ ಅದು ತಪ್ಪೂ ಅಲ್ಲ. ಇಂಗ್ಲಿಷ್ ಪುಸ್ತಕದಲ್ಲಿ ಇದರಿಂದ ಖಾಲಿ ಜಾಗವೋ ಡ್ಯಾಷೋ ಹೋದೀತು, ಕನ್ನಡದಲ್ಲಿ ಪದದ ರೂಪವೇ ಕೆಡುತ್ತದೆ. ಸಾವಿರ ಪುಟದ ಪುಸ್ತಕದಲ್ಲಿ ಇದನ್ನು ಕಣ್ಣಿನಿಂದ ಹುಡುಕುವುದು ಯಾರಿಂದಾದೀತು? ಡಿಟಿಡಿ ಬದಲು ಖಾಲಿ ಫೈಲ್ ಕೊಟ್ಟು ಪಾರ್ಸರ್ ಬಾಯಿ ಮುಚ್ಚಿಸುವ ಉಪಾಯದ ಗತಿಯೂ ಇದೇ.

ಯಾವ ಹೆಸರಿಗೆ ಯಾವ ಯಂತ್ರ ಎಂದು ಕಂಪ್ಯೂಟರ್ ನೋಡಿಕೊಳ್ಳುವ ಹೋಸ್ಟ್ಸ್ ಫೈಲ್ ತಿದ್ದಿ ಡಬ್ಲ್ಯು3ಸಿ ವಿಳಾಸವನ್ನು ನಮ್ಮ ಯಂತ್ರಕ್ಕೇ ತಿರುಗಿಸುವುದು ಬೇಡವೇ ಬೇಡ. ಇದಕ್ಕೆಂದೇ ಸರ್ವರ್ ಒಂದನ್ನು ಸದಾ ಓಡಿಸುತ್ತಿರಬೇಕು.

ಪಾರ್ಸರ್ ಕೇಳಿದ ವಿಳಾಸಕ್ಕೆ ಫೈಲ್ ಒದಗಿಸುವ ಎಂಟಿಟಿ ರಿಸಾಲ್ವರನ್ನು ಕೋಡಿನಲ್ಲೇ ಬರೆದು ಡಿಟಿಡಿಯನ್ನು ಫೋಲ್ಡರಿನಿಂದ ಕೊಟ್ಟರೆ ಪಠ್ಯ ಸರಿಯಾಗಿ ಬರುತ್ತದೆ. ಆದರೆ ಎಕ್ಸ್‌ಎಚ್‌ಟಿಎಂಎಲ್ 1.1 ಒಂದೇ ಫೈಲ್ ಅಲ್ಲ. ಅದು ಹತ್ತಾರು ಮಾಡ್ಯೂಲ್‌ಗಳನ್ನು ಪೂರ್ತಿ ವೆಬ್ ವಿಳಾಸ ಹಿಡಿದೇ ಕರೆಯುತ್ತದೆ. ಅವುಗಳಲ್ಲಿ ಒಂದಕ್ಕೆ ರಿಸಾಲ್ವರ್ ನಲ್ (ಏನೂ ಇಲ್ಲ) ಎಂದು ಉತ್ತರಿಸಿದರೂ ಪಾರ್ಸರ್ ಮತ್ತೆ ನೆಟ್‌ನತ್ತ ಹೊರಡುತ್ತದೆ. ಜಾವಾದಲ್ಲಿ ಬರೆದದ್ದು ಎಕ್ಸ್‌ಎಂಎಲ್ ಪರೀಕ್ಷಿಸುವ ಇನ್ನೊಂದು ಸಾಧನವಾದ ಎಕ್ಸ್‌ಎಂಎಲ್‌ಲಿಂಟ್‌ಗೆ ಬರುವುದೂ ಇಲ್ಲ.

ಹಾಗಾಗಿ ನನ್ನ ಮತ ಓಯಾಸಿಸ್ ಸಂಸ್ಥೆಯ ಎಕ್ಸ್‌ಎಂಎಲ್ ಕ್ಯಾಟಲಾಗ್‌ಗೆ. ಯಾವ ವಿಳಾಸಕ್ಕೆ ಯಾವ ಫೈಲ್ ಎಂದು ಬರೆದಿಟ್ಟ ಒಂದು ಸಣ್ಣ ಎಕ್ಸ್‌ಎಂಎಲ್ ಫೈಲ್ ಅದು. ರೀರೈಟ್‌ಸಿಸ್ಟಮ್ ಎಂಬ ಒಂದೇ ಸಾಲು, ಒಂದೇ ಬಗೆಯಾಗಿ ಶುರುವಾಗುವ ವಿಳಾಸಗಳನ್ನೆಲ್ಲ ನಮ್ಮ ಫೋಲ್ಡರಿಗೆ ತಿರುಗಿಸುತ್ತದೆ. ಮಾಡ್ಯೂಲ್‌ಗಳ ತಲೆನೋವು ಅಲ್ಲಿಗೆ ಮುಗಿಯಿತು. ಕೆಲವರು ವಿಳಾಸದ ಜಾಗದಲ್ಲಿ ತಮ್ಮ ಕಂಪ್ಯೂಟರಿನ ಫೋಲ್ಡರ್ ದಾರಿಯನ್ನೇ ಬರೆದಿರುತ್ತಾರೆ, ಅಂಥ ಫೈಲ್‌ಗಳಿಗೆ ಪಬ್ಲಿಕ್ ಐಡಿಯ (ಡಾಕ್‌ಟೈಪ್‌ನಲ್ಲಿ ವಿಳಾಸದ ಜೊತೆ ಬರುವ ಡಿಟಿಡಿಯ ಹೆಸರು) ಸಾಲೂ ಬೇಕು. ಅದೇ ಕ್ಯಾಟಲಾಗನ್ನು ಎಕ್ಸ್‌ಎಂಎಲ್‌ಲಿಂಟ್ ಒಂದು ಎನ್ವಿರಾನ್‌ಮೆಂಟ್ ವೇರಿಯಬಲ್ ಮೂಲಕ ಓದುತ್ತದೆ. ಜಾವಾ 9ರಿಂದ ಈಚೆಗೆ ಒಂದು ಸಿಸ್ಟಮ್ ಪ್ರಾಪರ್ಟಿ ಕೊಟ್ಟರೆ ಸಾಕು, ಕೋಡ್ ಮುಟ್ಟಬೇಕಿಲ್ಲ. ನನಗೆ ಬಹಳ ಹಿಡಿಸಿದ್ದು ಜಾವಾದಲ್ಲಿ ತಾನಾಗಿಯೇ ಇರುವ ಸ್ಟ್ರಿಕ್ಟ್ ರೀತಿ. ಕ್ಯಾಟಲಾಗಿನಲ್ಲಿ ಇಲ್ಲದ್ದನ್ನು ಕೇಳಿದರೆ ನೆಟ್ ಹುಡುಕದೆ ಅಲ್ಲೇ ದೋಷ ಕೊಡುತ್ತದೆ, ಯಾವ ಫೈಲ್ ತರಲು ಮರೆತಿದ್ದೇವೆ ಎಂಬುದು ಕೂಡಲೇ ಗೊತ್ತಾಗುತ್ತದೆ. ಎಕ್ಸ್‌ಎಂಎಲ್‌ಲಿಂಟ್ ಬಳಸುವವರು ನೆಟ್‌ಗೆ ಹೋಗಬೇಡ ಎನ್ನುವ ನೋನೆಟ್ ಆಯ್ಕೆ ಹಾಕಿಕೊಳ್ಳಿ, ಜೊತೆಗೆ ಲೋಡ್‌ಡಿಟಿಡಿ ಮತ್ತು ನೋಎಂಟ್ ಎರಡನ್ನೂ ಕೊಡಿ. ಎಂಟಿಟಿಯ ಜಾಗಕ್ಕೆ ನಿಜವಾದ ಅಕ್ಷರ ಬರುವುದು ಆಗಲೇ.

ಇದೆಲ್ಲ ನಮ್ಮ ಕೈಯಲ್ಲೇ ಇರುವ, ಮೂಲ ಗೊತ್ತಿರುವ ಫೈಲ್‌ಗಳ ಮಾತು. ಅಪರಿಚಿತರು ಅಪ್‌ಲೋಡ್ ಮಾಡುವ ಎಕ್ಸ್‌ಎಂಎಲ್ ಆದರೆ ಕ್ಯಾಟಲಾಗ್ ಬೇಡ, ಡಾಕ್‌ಟೈಪ್ ಕಂಡ ಫೈಲನ್ನೇ ತಿರಸ್ಕರಿಸುವಂತೆ ಪಾರ್ಸರಿಗೆ ಹೇಳಿಡಿ. ಎಂಟಿಟಿಯ ನೆಪದಲ್ಲಿ ಸರ್ವರಿನ ಒಳಗಿನ ಫೈಲ್ ಓದಿಸಿಕೊಳ್ಳುವ ದಾಳಿ ಬರುವುದು ಅದೇ ಬಾಗಿಲಿನಿಂದ.